ಸುಟ್ಟವನ ಸಮಾಧಿ

ನನ್ನ ಗಂಡನನ್ನು ಸುಟ್ಟರು ಎಂಬ ಸುದ್ದಿ ನನಗೆ ಮುಟ್ಟಿದ್ದು, ಅವರನ್ನು ನಮ್ಮದೇ ಹೊಲದಲ್ಲಿ ಮಣ್ಣು ಮಾಡಿ ಐದು ತಿಂಗಳಾದ ಮೇಲೆ.

ಸುದ್ದಿ ತಂದವರು ಹುಮನಾಬಾದಿನ ಅಜೀಮುದ್ದೀನ್ ಮಾಸ್ತರರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. 2004ರ ಏಪ್ರಿಲ್ ಬಿಸಿಲಿನಲ್ಲಿ ಬಸ್ಸು ಹಿಡಿದು ಬಸವಕಲ್ಯಾಣದ ನಮ್ಮ ಅಂಗಡಿಗೆ ಬಂದರು. ನಮ್ಮದು ಲಾರಿಗಳಿಗೆ ತಾಡಪತ್ರಿ, ಹಗ್ಗ ಮಾರುವ ಅಂಗಡಿ. ಗಂಡ ಹೋದಮೇಲೆ ಗಲ್ಲೆಯ ಮೇಲೆ ನಾನೇ ಕೂಡುತ್ತಿದ್ದೆ. ಮಾಸ್ತರರು ನೀರು ಕುಡಿದು, ಟೋಪಿ ತೆಗೆದು ಬೆವರು ಒರೆಸಿಕೊಂಡು ಕೇಳಿದರು.

“ರುಕ್ಮಿಣಿಬಾಯಿ, ತಪ್ಪ ತಿಳಕೋಬ್ಯಾಡ್ರಿ. ಬಸವಣಪ್ಪನವರನ್ನ ನೀವು ಸುಟ್ಟಿರೇನ್ರಿ?”

“ಬಿಸಲಿಗೆ ತಲಿ ಕೆಟ್ಟದೇನ್ರಿ ಮಾಸ್ತರ? ನಮ್ಮಾಗ ಯಾರನ್ನ ಸುಡ್ತಾರ?”

ಲಿಂಗಾಯತರಲ್ಲಿ ಸತ್ತವರನ್ನು ಸುಡುವುದಿಲ್ಲ ಎಂಬುದು ಈ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಕುಣಿಯಲ್ಲಿ ಕೂರಿಸುತ್ತೇವೆ, ಅಂಗೈಯಲ್ಲಿ ಇಷ್ಟಲಿಂಗ ಇಡುತ್ತೇವೆ, ಸುತ್ತ ಉಪ್ಪು ವಿಭೂತಿ ತುಂಬುತ್ತೇವೆ. ಮಾಸ್ತರರಿಗೂ ಗೊತ್ತು. ಅವರೂ ಆ ದಿನ ನಮ್ಮ ಹೊಲಕ್ಕೆ ಬಂದು ಬದುವಿನ ಮೇಲೆ ನಿಂತಿದ್ದವರೇ.

“ನನಗ ಗೊತ್ತದರಿ. ಆದ್ರ ಪೆಟಗಿ ಕಂಪನಿಯಿಂದ ಬಂದ ಆ ಪರದೇಶದ ಬಾಯಿಗೆ ಗೊತ್ತಿಲ್ಲ. ಬಸವಣಪ್ಪನವರ ಎದ್ಯಾಗಿನ ಪೆಟಗಿ ಎಲ್ಲದ ಅಂತ ಕೇಳಿದೆ. ಹೆಣದ ಜೋಡಿ ಬೆಂಕ್ಯಾಗ ಸುಟ್ಟು ಹೋಯ್ತು, ಡಾಕ್ಟರ್ ಹಂಗ ಬರದು ಕಳಿಸ್ಯಾರ, ಅಂದ್ಳು.”

ನಾನು ಮೊದಲು ನಕ್ಕೆ. ಆಮೇಲೆ ಗಲ್ಲೆಯಿಂದ ಎದ್ದು ಹಗ್ಗದ ಸುರುಳಿಗಳ ಹಿಂದೆ ಹೋಗಿ ನಿಂತುಕೊಂಡೆ. ಗಿರಾಕಿಗಳ ಎದುರು ಅಳುವ ರೂಢಿ ನನಗಿಲ್ಲ.

ಆ ಪೆಟ್ಟಿಗೆ ನಮ್ಮ ಮನೆಗೆ ಬಂದ ಬಗೆಯನ್ನು ಹೇಳುತ್ತೇನೆ. ನಮ್ಮವರಿಗೆ ಎದೆಬಡಿತ ಒಮ್ಮೊಮ್ಮೆ ಅಡ್ಡಾದಿಡ್ಡಿ ಓಡುತ್ತಿತ್ತು, ಕೂತಲ್ಲೇ ಕುಸಿಯುತ್ತಿದ್ದರು. ಅತ್ತೆ ಯಶೋದಾಬಾಯಿಯ ತಮ್ಮನ ಮಗ ಸಂಜೀವಕುಮಾರ ಹೈದರಾಬಾದಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರ್. ಹುಟ್ಟಿ ಬೆಳೆದದ್ದು ಹುಮನಾಬಾದಿನಲ್ಲಿ, ತಿಂಗಳಿಗೊಮ್ಮೆ ಬಂದು ಅಲ್ಲಿ ಕ್ಯಾಂಪ್ ಮಾಡುತ್ತಿದ್ದ. ಅವನನ್ನು ಬಹುವಚನದಲ್ಲಿ ಕರೆಯುವಷ್ಟು ದೊಡ್ಡ ಮನಸ್ಸು ನನಗಿಲ್ಲ, ಓದುವವರು ಸಹಿಸಿಕೊಳ್ಳಬೇಕು. ಪರದೇಶದ ಕಂಪನಿಯೊಂದು ಹೊಸ ಪೆಟ್ಟಿಗೆ ಮಾಡಿತ್ತು. ಅಂಗೈಯಗಲದ್ದು. ಅದನ್ನು ಎಡಭುಜದ ಕೆಳಗೆ ಚರ್ಮದೊಳಗಿಟ್ಟು ಹೊಲಿದು, ಒಂದು ತಂತಿಯನ್ನು ಹೃದಯದೊಳಕ್ಕೆ ಬಿಡುತ್ತಾರೆ. ಬಡಿತ ಹುಚ್ಚೆದ್ದಾಗ ಪೆಟ್ಟಿಗೆ ಶಾಕ್ ಕೊಟ್ಟು ಸರಿದಾರಿಗೆ ತರುತ್ತದೆ. ಒಂದೇ ದೇಶದಲ್ಲಿ ಪರೀಕ್ಷೆ ಮಾಡುತ್ತ ಕೂತರೆ ಮಾರಲು ಪರವಾನಗಿ ಸಿಗಲು ವರ್ಷಗಟ್ಟಲೆ ಕಾಯಬೇಕಂತೆ. ಅದಕ್ಕೇ ಹಲವು ದೇಶಗಳ ರೋಗಿಗಳಿಗೆ ಒಂದೇ ಕಾಲಕ್ಕೆ ಹಾಕಿ ನೋಡುತ್ತಿದ್ದರು. ನಮ್ಮ ದೇಶದ ಪಾಲಿಗೆ ಮುಖ್ಯಸ್ಥ ನಮ್ಮ ಸಂಜೀವಕುಮಾರ.

“ಭಾವಾ, ಇದು ಇನ್ನಾ ಬಜಾರದಾಗ ಸಿಗೂದಿಲ್ಲ. ನಿಮಗ ಎಲ್ಲರಿಗಿಂತ ಮೊದಲು ಹಾಕಾಕತ್ತೇನಿ” ಎಂದಿದ್ದ. ನಮ್ಮವರು ಹಿಗ್ಗಿ ಹೀರೇಕಾಯಿಯಾದರು. ಅಂಗಡಿಗೆ ಬಂದ ಡ್ರೈವರುಗಳಿಗೆಲ್ಲ ಅಂಗಿ ಬಿಚ್ಚಿ ತೋರಿಸುತ್ತಿದ್ದರು. ಮಾಸ್ತರರಿಗೂ ಹುಮನಾಬಾದಿನ ಇನ್ನಿಬ್ಬರಿಗೂ ಹಾಗೆಯೇ ಹಾಕಿದ.

ಒಂದು ವರ್ಷ ಎಲ್ಲ ಸರಿಯಿತ್ತು. ಆಮೇಲೆ ಒಂದು ಬೆಳಗ್ಗೆ ನಮ್ಮವರು ಲಿಂಗಪೂಜೆಗೆ ಕೂತಿದ್ದಾಗ ಎದೆಯೊಳಗಿಂದ ಪಿಂಯ್ ಪಿಂಯ್ ಎಂದು ಸಣ್ಣ ದನಿ ಬಂತು. ಮರುದಿನವೂ ಅದೇ ಹೊತ್ತಿಗೆ ಬಂತು. ನಾನು ಅವರ ಎದೆಗೆ ಕಿವಿ ಹಚ್ಚಿ ಕೇಳಿದೆ. “ನನಗ ಫೋನ್ ಬಂದದ, ತಗೋ ಮಾತಾಡು” ಎಂದು ಅವರು ತಮಾಷೆ ಮಾಡಿದರು. ನನಗೆ ತಮಾಷೆ ಎನ್ನಿಸಲಿಲ್ಲ. ಕ್ಯಾಂಪಿನ ದಿನ ಹುಮನಾಬಾದಿಗೆ ಹಟಮಾಡಿ ಕರೆದುಕೊಂಡು ಹೋದೆ. ಸಂಜೀವಕುಮಾರ ತನ್ನ ಯಂತ್ರ ಹಚ್ಚಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಏನನ್ನೋ ಒತ್ತಿ, “ಏನಿಲ್ಲಕ್ಕಾ, ಅದಕ್ಕ ಬಿಕ್ಕ ಹತ್ತಿತ್ತು, ಬಂದ್ ಮಾಡೇನಿ” ಎಂದು ನಕ್ಕ.

ಪಿಂಯ್ ನಿಂತಿತು. ಮುಂದಿನ ವಾರ ನಮ್ಮವರು ಅಂಗಡಿಯ ಬಾಗಿಲು ತೆರೆಯುತ್ತಲೇ ಬಿದ್ದರು, ಏಳಲಿಲ್ಲ.

ಹೈದರಾಬಾದಿನಿಂದ ಕಾರು ಹಾರಿಸಿಕೊಂಡು ಬಂದವನು ಅವನೇ. “ನಮ್ಮ ಭಾವನ್ನ ನಾನೇ ಕುಂಡ್ರಸ್ತೀನಿ” ಎಂದು ಅತ್ತುಕೊಂಡು ಕುಣಿಗೆ ಇಳಿದವನು ಅವನೇ. ಗಣಾರಾಧನೆಯ ಪಂಕ್ತಿಯಲ್ಲಿ ನೆಂಟರೆಲ್ಲ ಉಣ್ಣುತ್ತ ಕೂತಾಗ, ಅನ್ನದ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತ, “ಪೆಟಗಿ ಬರೋಬರಿ ಇತ್ತು. ಗುಳಿಗಿ ಹೊತ್ತಿಗೆ ಸರಿ ಕೊಟ್ಟಿಲ್ಲ. ಮನ್ಯಾಗಿನವ್ರು ನೋಡಬೇಕಾಗಿತ್ತು” ಎಂದವನೂ ಅವನೇ.

ಮನೆಯಲ್ಲಿ ಗುಳಿಗೆ ಕೊಡುತ್ತಿದ್ದವಳು ನಾನು. ಒಂದು ಹೊತ್ತೂ ತಪ್ಪಿಸಿರಲಿಲ್ಲ. ಆದರೆ ಡಾಕ್ಟರನ ಮಾತಿನ ಮುಂದೆ ನನ್ನ ಮಾತು ಯಾರಿಗೆ ಬೇಕು? ಅಂದಿನಿಂದ ನಾನು ಗಂಡನನ್ನು ಕೊಂದವಳಾದೆ. ಅತ್ತೆ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಾನು ಅಡುಗೆಮನೆಗೆ ಬಂದರೆ ಆಕೆ ಪಡಸಾಲೆಗೆ ಹೋಗುವಳು, ಪಡಸಾಲೆಗೆ ಬಂದರೆ ಅಂಗಳಕ್ಕೆ ಹೋಗುವಳು. ಐದು ತಿಂಗಳು ಒಂದೇ ಸೂರಿನಡಿ ನಾವಿಬ್ಬರೂ ಹೀಗೆ ಬದುಕಿದೆವು. ನೆಂಟರ ಮನೆಯ ಮದುವೆಗಳಲ್ಲಿ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸುತ್ತಿದ್ದರು.

ಇಷ್ಟೆಲ್ಲ ಸಹಿಸಿದವಳಿಗೆ ಮಾಸ್ತರರ ಸುದ್ದಿ ಬಂತು. ಸಂಜೀವಕುಮಾರ ಯಾಕೆ ಸುಟ್ಟರೆಂದು ಬರೆದ ಎಂದು ಕೇಳಿದೆ. ಮಾಸ್ತರರು ತಿಳಿಸಿ ಹೇಳಿದರು. ಆ ಪೆಟ್ಟಿಗೆ ಆದದ್ದನ್ನೆಲ್ಲ ತನ್ನೊಳಗೆ ನೆನಪಿಟ್ಟುಕೊಳ್ಳುತ್ತದೆ. ಪರೀಕ್ಷೆಯಲ್ಲಿದ್ದವರು ಸತ್ತರೆ ಅದನ್ನು ಹೊರತೆಗೆದು ಕಂಪನಿಗೆ ಕಳಿಸಬೇಕೆಂಬುದು ಕಾಯಿದೆ. ಪೆಟ್ಟಿಗೆಯ ದೋಷದಿಂದ ಒಬ್ಬ ಸತ್ತನೆಂದು ಗೊತ್ತಾದರೆ ಎಲ್ಲ ದೇಶಗಳಲ್ಲೂ ಪರೀಕ್ಷೆ ನಿಲ್ಲುತ್ತದೆ, ಪರವಾನಗಿ ಹಿಂದೆ ಬೀಳುತ್ತದೆ. ಕಂಪನಿಯ ದುಡ್ಡಿನಿಂದ ಅವನಿಗೆ ಹುಮನಾಬಾದಿನ ಹೆದ್ದಾರಿಯ ಪಕ್ಕ ಸ್ವಂತ ಆಸ್ಪತ್ರೆ ಎದ್ದು ನಿಲ್ಲುತ್ತಿತ್ತು. ಉದ್ಘಾಟನೆಗೆ ಕಂಪನಿಯ ದೊಡ್ಡವರು ಬರುವವರಿದ್ದರು. ಹಿಂದೂಗಳೆಂದರೆ ಎಲ್ಲರೂ ಹೆಣ ಸುಡುವವರೇ ಎಂದು ಪರದೇಶದವರು ನಂಬುತ್ತಾರೆ. ನಂಬಿದ್ದೇ ಅವನಿಗೆ ಅನುಕೂಲವಾಯಿತು.

“ನನಗೂ ಮೊನ್ನಿಂದ ಪಿಂಯ್ ಅನ್ನಾಕತ್ತದರಿ” ಎಂದು ಮಾಸ್ತರರು ಎದೆಯ ಮೇಲೆ ಕೈಯಿಟ್ಟುಕೊಂಡರು. “ಆ ಬಾಯಿ ತಪಾಸಣೆಗೆ ಬಂದಾಳ, ಈ ವಾರಪೂರ್ತಿ ಹುಮನಾಬಾದದಾಗ ಇರ್ತಾಳ. ಸಬೂತ ಇಲ್ಲದ ಹೇಳಿದ್ರ ಡಾಕ್ಟರ್ ಮಾತ ನಂಬ್ತಾಳ, ನಮ್ಮದಲ್ಲ.”

ಆ ಪುರಾವೆ ನಮ್ಮ ಹೊಲದಲ್ಲಿ ನನ್ನ ಗಂಡನ ಎದೆಯೊಳಗೆ ಕೂತಿತ್ತು. ಅದನ್ನು ತೆಗೆಯಬೇಕೆಂದರೆ ಸಮಾಧಿ ಬಿಚ್ಚಬೇಕು. ಕೂತವರನ್ನು ಎಬ್ಬಿಸುವುದು ನಮ್ಮಲ್ಲಿಲ್ಲ. ಆದರೆ ಪಂಕ್ತಿಯಲ್ಲಿ ತುಪ್ಪ ಹಾಕಿಸಿಕೊಂಡ ಆ ಕೈ ಕಣ್ಣಿಗೆ ಕಟ್ಟಿತು, ಮೈಯೆಲ್ಲ ಉರಿಯಿತು. ಪಾಪ ಬಂದರೆ ಬರಲಿ ಎಂದುಕೊಂಡೆ. ನನಗೆ ನ್ಯಾಯ ಬೇಕಾಗಿತ್ತು ಎಂದು ಹೇಳಿದರೆ ಚೆಂದ ಕಾಣುತ್ತದೆ. ನಿಜ ಹೇಳುತ್ತೇನೆ, ನನಗೆ ಅವನ ಮುಖ ಬಿಳಿಚುವುದನ್ನು ನೋಡಬೇಕಾಗಿತ್ತು. ಅದೂ ಅತ್ತೆಯ ಎದುರಿಗೆ.

ಅಂದೇ ಹೈದರಾಬಾದಿಗೆ ಫೋನ್ ಮಾಡಿದೆ. ನೀನು ಬರೆದದ್ದು ನನಗೆ ಗೊತ್ತಿದೆ, ಸಮಾಧಿ ತೆರೆಸುತ್ತೇನೆ ಎಂದಷ್ಟೇ ಹೇಳಿ ಇಟ್ಟೆ. ಹಗಲು ಮುಗಿಯುವುದರೊಳಗೆ ಅವನ ಕಾರು ನಮ್ಮ ಓಣಿಯಲ್ಲಿತ್ತು. ಬೂಟು ಹೊರಗೆ ಬಿಟ್ಟು, ಅತ್ತೆಯ ಕಾಲಿಗೆರಗಿ, ಹಣೆಗೆ ವಿಭೂತಿ ಹಚ್ಚಿಸಿಕೊಂಡು ನನ್ನ ಎದುರು ಕೂತ.

“ಅಕ್ಕಾ, ಸಮಾಧಿ ಬಿಚ್ಚೂದಂದ್ರ ಏನ ತಿಳಿದೀರಿ? ಲಿಂಗೈಕ್ಯ ಆದವರಿಗೆ ಹಂಗ ಮಾಡಬಾರದು. ನಮ್ಮ ಧರ್ಮದಾಗ ಇಲ್ಲದು.”

ಅವರನ್ನು ಕಾಗದದ ಮೇಲೆ ಬೂದಿ ಮಾಡಿದವನು ನನಗೆ ಸಮಾಧಿಯ ಪಾವಿತ್ರ್ಯ ಹೇಳಿಕೊಡುತ್ತಿದ್ದ! ಎದ್ದು ಕಪಾಳಕ್ಕೆ ಬಿಡಬೇಕೆನ್ನಿಸಿತು. ಬಿಡಲಿಲ್ಲ. ಅಲ್ಲಿಯವರೆಗೆ ನನ್ನ ತಲೆಯಲ್ಲಿ ಬರೀ ಸಿಟ್ಟಿತ್ತು. ಅವನು ಬಾಯಿ ತೆರೆದಮೇಲೆ ಉಪಾಯ ಹೊಳೆಯಿತು.

ದನಿ ಇಳಿಸಿದೆ. “ನನಗೂ ಅದ ಅಂಜಿಕಿ ನೋಡಪಾ. ನಿಮ್ಮ ಮಂದ್ಯಾಗ ನಿನ್ನ ಮರ್ಯಾದಿ ಹೋಗಲಿ ಅಂತ ನನಗೇನಿಲ್ಲ. ಆ ಪೆಟಗಿ ಮಣ್ಣಾಗಿದ್ರ ಯಾರರ ಒಬ್ರು ಅಗದು ತಗೀತಾರ. ನೀನ ಬಂದು ತಕ್ಕೊಂಡು ಹೋಗಿಬಿಡು. ಕುಂಡ್ರಿಸಿದಾಂವ ನೀನು, ನೀ ಮುಟ್ಟಿದ್ರ ದೋಷ ಇಲ್ಲ. ಹೊರಗಿನವರ ಕೈ ಬ್ಯಾಡ.”

ಅವನ ಮುಖ ಅರಳಿದ್ದು ನೋಡಬೇಕಿತ್ತು. ಪೆಟ್ಟಿಗೆ ತನ್ನ ಕೈಗೆ ಬಂದರೆ ಹೈದರಾಬಾದಿನ ಯಾವ ಕೆರೆಗಾದರೂ ಎಸೆದು ಕೈ ತೊಳೆದುಕೊಳ್ಳಬಹುದು. “ಮಂಗಳವಾರ ಮುಂಜಾನಿ ಬರ್ತೀನಕ್ಕಾ. ಯಾರಿಗೂ ಹೇಳಬ್ಯಾಡ್ರಿ” ಎಂದ. ಹೊಸ ಆಸ್ಪತ್ರೆಯ ಒಂದು ವಾರ್ಡಿಗೆ ಭಾವನ ಹೆಸರಿಡುತ್ತೇನೆ ಎಂದೂ ಸೇರಿಸಿದ. “ಇಡಪಾ” ಎಂದೆ.

ಅತ್ತೆ ಎಲ್ಲ ಕೇಳುತ್ತ ಕಂಬಕ್ಕೆ ಒರಗಿ ಕೂತಿದ್ದಳು. ಅವನು ಹೋದಮೇಲೆ ಐದು ತಿಂಗಳಲ್ಲಿ ಮೊದಲ ಸಲ ನನ್ನ ಕಡೆ ಮುಖಮಾಡಿ ಮಾತಾಡಿದಳು. “ನನ್ನ ತಮ್ಮನ ಮಗನ ಮ್ಯಾಲೆ ಸುಳ್ಳ ಹೊರಿಸಾಕತ್ತೀದಿ. ನಾನೂ ಹೊಲಕ್ಕ ಬರ್ತೀನಿ. ಅಂವ ಖರೆ ಅಂತ ತಿಳದ್ರ ನೀ ಈ ಮನ್ಯಾಗ ಇರಬಾರದು.”

“ಬರ್ರಿ. ನೀವು ಬರಲಿ ಅಂತನ ನನಗೂ ಅದ” ಎಂದೆ.

ಮಾಸ್ತರರಿಗೆ ಹೇಳಿಕಳಿಸಿದೆ. ಬಿಸಿಲೇರುವ ಮೊದಲು ಆ ಹೆಂಗಸನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊಲಕ್ಕೆ ಕರೆತರಬೇಕು. ಊರಿನವರು ಸತ್ತವರನ್ನು ಹೇಗೆ ಇಡುತ್ತಾರೆ ನೋಡು ಬಾ ಎಂದರೆ ಬಂದಾಳು. ಪೆಟ್ಟಿಗೆ ಓದುವ ಯಂತ್ರವೂ ಜೊತೆಗಿರಲಿ. ನಮ್ಮ ಹೊಲ ಮಾಡುವ ಕಾಶಿರಾಮನಿಗೆ ಬೇರೆಯೇ ಕೆಲಸ ಹೇಳಿದೆ. ಡಾಕ್ಟರ್ ಕುಣಿಗಿಳಿದ ಮೇಲೆ ನಿಚ್ಚಣಿಕೆ ಮೇಲೆ ಎಳೆದುಬಿಡಬೇಕು. ಕಾಶಿರಾಮ ತಲೆ ಕೆರೆದುಕೊಂಡ. “ಮ್ಯಾಲ ಹ್ಯಾಂಗ ಬರ್ತಾರ್ರಿ ಅವ್ರು?” ಎಂದ. “ಅದನ್ನ ನಾ ನೋಡ್ಕೋತೀನಿ” ಎಂದೆ.

ಮಂಗಳವಾರ ಸಂಜೀವಕುಮಾರ ಹೇಳಿದ ಹೊತ್ತಿಗಿಂತ ಮೊದಲೇ ಬಂದ. ಕಾಶಿರಾಮ ಮೇಲಿನ ಮಣ್ಣು ತೆಗೆದಿದ್ದ. ಕೆಳಗೆ ಉಪ್ಪು ಹೆಂಟೆಗಟ್ಟಿತ್ತು. ಅವನು ನಿಚ್ಚಣಿಕೆ ಹಿಡಿದು ಕುಣಿಗಿಳಿದ. ನಾನು ನೋಡಲಿಲ್ಲ. ಬೇವಿನ ಗಿಡದ ಕಡೆ ಮುಖಮಾಡಿ, ಅತ್ತೆಯ ಹಿಂದೆ ನಿಂತೆ. ನಿಮ್ಮ ಎದೆ ಮುಟ್ಟುತ್ತಿರುವವನು ಯಾರು ಅಂತ ಗೊತ್ತಾಗುತ್ತಿದೆಯೇ, ಇನ್ನು ಸ್ವಲ್ಪ ಸಹಿಸಿಕೊಳ್ಳಿ ಎಂದು ನಮ್ಮವರಿಗೆ ಮನಸ್ಸಿನಲ್ಲೇ ಹೇಳಿಕೊಂಡೆ. ಕತ್ತರಿಯ ಸದ್ದು ಕೇಳಿತು. ನಿಚ್ಚಣಿಕೆ ಕಲ್ಲಿಗೆ ತಾಗಿದ ಸದ್ದು ಕೇಳಿತು.

“ಏ ಕಾಶ್ಯಾ, ನಿಚ್ಚಣಿಕಿ ಯಾಕ ತಗದಿ?”

ಅಷ್ಟರಲ್ಲಿ ಬಂಡಿದಾರಿಯಲ್ಲಿ ಧೂಳು ಎದ್ದಿತು. ಜೀಪು ಬದುವಿನ ಬಳಿ ನಿಂತು, ಮಾಸ್ತರರು ಇಳಿದರು. ಹಿಂದೆಯೇ ಹತ್ತಿಯ ಟೋಪಿ ಹಾಕಿಕೊಂಡ ನಡುವಯಸ್ಸಿನ ಹೆಂಗಸು ಇಳಿದಳು. ಕಪ್ಪು ನೆಲದಲ್ಲಿ ಮುಗ್ಗರಿಸುತ್ತ ಬಂದವಳು ಕುಣಿಯೊಳಗೆ ಬಗ್ಗಿ ನೋಡಿದಳು. ಆಳೆತ್ತರದ ಕುಣಿಯಲ್ಲಿ ಅವಳ ದೊಡ್ಡ ಡಾಕ್ಟರ್ ನಿಂತಿದ್ದ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಪೆಟ್ಟಿಗೆ ಹಿಡಿದು.

ನಾನು ತಿರುಗಿ ನೋಡಿದ್ದು ಆಗಲೇ. ಮುಖ ಬಿಳಿಚಿತ್ತು. ನಾನು ಬಯಸಿದ್ದಕ್ಕಿಂತ ಹೆಚ್ಚೇ ಬಿಳಿಚಿತ್ತು, ಹೊಟ್ಟೆ ತಣ್ಣಗಾಯಿತು.

ಅವಳು ಏನೋ ಕೇಳಿದಳು, ಅವನು ಗಡಬಡಿಸಿ ಏನೋ ಹೇಳಿದ. ಮಾಸ್ತರರು ಒಂದೊಂದು ಮಾತನ್ನೂ ನಮಗೆ ಕನ್ನಡದಲ್ಲಿ ಹೇಳುತ್ತ ಹೋದರು. “ಇದು ಯಾರ ಸಮಾಧಿ ಅಂತ ಕೇಳಾಕತ್ತಾಳ್ರಿ. ಇದು ಯಾರೋ ದೂರದ ಸಂಬಂಧಿಕರದು, ಪರೀಕ್ಷೆಗೆ ಸೇರಿದವರಲ್ಲ, ಅಂತ ಡಾಕ್ಟರ್ ಹೇಳಾಕತ್ತಾರ್ರಿ.”

ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಮುಂದೆ ಸರಿದಳು. ಕುಣಿಯ ಅಂಚಿಗೆ ಹೋಗಿ ಮೊಣಕಾಲೂರಿ ಕೂತಳು.

“ದೂರದವ್ರು?” ಎಂದಳು. “ಸಂಜ್ಯಾ, ಯಾರ ದೂರದವ್ರು?”

“ಅತ್ತೀ, ನೀವು ಸುಮ್ಮಕಿರ್ರಿ, ನಿಮಗ ಇದು ತಿಳೆಂಗಿಲ್ಲ.”

“ನನಗ ತಿಳೆಂಗಿಲ್ಲ ಖರೆ. ನನ್ನ ಮಗನ ಗುರ್ತ ನನಗ ತಿಳೀತದ. ನಿನ್ನ ಮಗ್ಗಲಾಗ ಕುಂತಾಂವ ಯಾರು? ಆ ಬಾಯಿಗೆ ಅವನ ಹೆಸರ ಹೇಳು.”

ಅವನು ಕಾಶಿರಾಮನ ಕಡೆ ಕೈ ಚಾಚಿದ. ಕಾಶಿರಾಮ ನನ್ನ ಮುಖ ನೋಡಿದ. ನಾನು ತಲೆ ಅಲ್ಲಾಡಿಸಲಿಲ್ಲ. ಜೀಪಿನ ಡ್ರೈವರ್ ಕೂಡ ನಿಂತಲ್ಲೇ ನಿಂತ. ಬಿಸಿಲು ಏರುತ್ತಿತ್ತು. ಹೆಸರು ಹೇಳುವವರೆಗೆ ಅವನು ಆ ಕುಣಿಯಲ್ಲೇ ಇರುತ್ತಾನೆ ಎಂಬುದು ಅವನಿಗೂ ಅರ್ಥವಾಯಿತು.

“ಬಸವಣಪ್ಪ” ಎಂದ. ದನಿ ಮೂಗಿನ ಬಟ್ಟೆಯೊಳಗೇ ಉಳಿಯಿತು.

“ಬಟ್ಟಿ ತಗದು ಹೇಳು” ಎಂದೆ ನಾನು.

ಬಟ್ಟೆ ತೆಗೆದ. ಹೇಳಿದ. ಆ ಹೆಂಗಸು ಬಗ್ಗಿ ಕೈ ಚಾಚಿದಳು. ಅವನನ್ನು ಎತ್ತಲು ಅಲ್ಲ, ಪೆಟ್ಟಿಗೆ ಕೊಡು ಎಂದು. ಅವನು ಕೊಟ್ಟ.

ಜೀಪಿನ ಬಾನೆಟ್ಟಿನ ಮೇಲೆ ಸೂಟ್‌ಕೇಸಿನಂಥ ಯಂತ್ರ ತೆರೆದಿಟ್ಟು ಅವಳು ಪೆಟ್ಟಿಗೆಯ ಮೇಲೆ ಒಂದು ಬಿಲ್ಲೆ ಇಟ್ಟಳು. ಮಾಸ್ತರರು ಅವಳ ಭುಜದ ಹಿಂದೆ ನಿಂತು ಓದಿ, ಅತ್ತೆಗೆ ತಿಳಿಯುವಂತೆ ನಿಧಾನವಾಗಿ ಹೇಳಿದರು. ತಂತಿ ಮುರಿದಿತ್ತು. ಅದನ್ನು ಪೆಟ್ಟಿಗೆ ಕಂಡುಹಿಡಿದು ದಿನಾ ಮುಂಜಾನೆ ಕೂಗಿ ಹೇಳುತ್ತಿತ್ತು. ಕ್ಯಾಂಪಿನ ದಿನ ಯಾರೋ ಆ ಕೂಗನ್ನು ಕೈಯಾರೆ ಬಂದ್ ಮಾಡಿದ್ದರು. ನಮ್ಮವರು ಬಿದ್ದ ದಿನ ಪೆಟ್ಟಿಗೆ ಮತ್ತೆ ಮತ್ತೆ ಶಾಕ್ ಕೊಟ್ಟಿತ್ತು, ತಂತಿ ಮುರಿದಿದ್ದರಿಂದ ಒಂದೂ ಎದೆ ಮುಟ್ಟಿರಲಿಲ್ಲ.

“ಗುಳಿಗಿದು ಏನ ಹೇಳ್ತದ?” ಎಂದು ಅತ್ತೆ ಕೇಳಿದಳು.

“ಗುಳಿಗಿ ತಪ್ಪಿಲ್ಲರಿ ಅವ್ವಾ. ತಂತಿ ಮುರದದ. ನಿಮ್ಮ ಸೊಸಿದೇನೂ ಇಲ್ಲ.”

ಅತ್ತೆ ನನ್ನನ್ನು ನೋಡಲಿಲ್ಲ. ಮಗ್ಗುಲಿಗೆ ಬಂದು ನನ್ನ ಸೆರಗಿನ ತುದಿಯನ್ನು ಹಿಡಿದುಕೊಂಡಳು, ಆಮೇಲೆ ಬಿಡಲೇ ಇಲ್ಲ. ಐದು ತಿಂಗಳ ವಿಷ ಒಮ್ಮೆಗೇ ಇಳಿಯುತ್ತದೆಯೇ? ನನಗೇನೂ ಇಳಿಯಲಿಲ್ಲ. ಆದರೆ ಆ ಕೈಯನ್ನು ಕೊಡವಲಿಲ್ಲ.

ಮುಂದೆ ಆದದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪರೀಕ್ಷೆ ಎಲ್ಲ ದೇಶಗಳಲ್ಲಿ ನಿಂತಿತು. ಮಾಸ್ತರರಿಗೂ ಉಳಿದವರಿಗೂ ಬೇರೆ ಆಸ್ಪತ್ರೆಯಲ್ಲಿ ಬೇರೆ ತಂತಿ ಹಾಕಿದರು. ಸಂಜೀವಕುಮಾರನನ್ನು ಹೈದರಾಬಾದಿನವರು ಹೊರಗೆ ಹಾಕಿದರು. ಹೆದ್ದಾರಿಯ ಪಕ್ಕದ ಕಟ್ಟಡವನ್ನು ಯಾರೋ ಕೊಂಡು ಮದುವೆ ಮಂಟಪ ಮಾಡಿದರು. ಇವೆಲ್ಲ ಕಿವಿಗೆ ಬಿದ್ದಾಗ ನನಗೆ ಸಂತೋಷವಾಯಿತು. ಮುಚ್ಚಿಡುವುದೇನಿದೆ? ಆದರೆ ನನ್ನ ಪಾಲಿನದು ಮುಗಿದದ್ದು ಆ ಮಂಗಳವಾರ, ಆ ಹೊಲದಲ್ಲೇ.

ಕಾಶಿರಾಮ ನಿಚ್ಚಣಿಕೆ ಇಳಿಬಿಟ್ಟ. ಸಂಜೀವಕುಮಾರ ಮೇಲೆ ಬಂದ. ಮೈತುಂಬ ಉಪ್ಪು, ವಿಭೂತಿ. ನಾನು ತಂದಿದ್ದ ಹೊಸ ವಿಭೂತಿ, ಬಿಲ್ವಪತ್ರೆ ಸುರಿದು ನಮ್ಮವರನ್ನು ಮತ್ತೆ ಮುಚ್ಚುವುದು ಬಾಕಿಯಿತ್ತು. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುವುದು ಪದ್ಧತಿ. ಅತ್ತೆ ಹಾಕಿದಳು. ಮಾಸ್ತರರು ಹಾಕಿದರು. ಆ ಪರದೇಶದ ಹೆಂಗಸು ಸಹ ನಮ್ಮನ್ನು ನೋಡಿ ಟೋಪಿ ತೆಗೆದು ಒಂದು ಹಿಡಿ ಹಾಕಿದಳು.

ಅವನೂ ಬಗ್ಗಿದ. ರೂಢಿಯ ಬಲದಿಂದಲೋ, ಅಳು ಬಂದಿತ್ತೋ, ಎರಡೂ ಇದ್ದಿರಬಹುದು. ಹಿಡಿ ತುಂಬ ಮಣ್ಣು ತೆಗೆದುಕೊಂಡು ಕುಣಿಯ ಕಡೆ ಬಂದ. ನಾನು ಅಡ್ಡ ನಿಂತು ಅವನ ಮಣಿಕಟ್ಟು ಹಿಡಿದೆ.

“ನೀ ಇವರನ್ನ ಸುಟ್ಟೀದಿ” ಎಂದೆ. “ಸುಟ್ಟಾಂವಗ ಮಣ್ಣ ಹಾಕೂ ಹಕ್ಕಿಲ್ಲ. ಕೈ ಬಿಚ್ಚು.”

“ಅಕ್ಕಾ, ನನ್ನ ಭಾವ ಅವ್ರು. ಇಷ್ಟರ ಮಾಡಗೊಡ್ರಿ.”

“ಬಿಚ್ಚು.”

ಅವನು ಅತ್ತೆಯ ಕಡೆ ನೋಡಿದ. ಅತ್ತೆ ನನ್ನ ಸೆರಗು ಹಿಡಿದುಕೊಂಡೇ ಬೇರೆ ಕಡೆ ಮುಖ ತಿರುಗಿಸಿದಳು. ಅವನು ಕೈ ಬಿಚ್ಚಿದ. ಮಣ್ಣು ಅವನ ಕಾಲ ಮೇಲೇ ಬಿತ್ತು. ನಾನು ಅವನ ಕೈ ಬಿಟ್ಟು, ಬಗ್ಗಿ, ನನ್ನ ಪಾಲಿನ ಹಿಡಿ ಮಣ್ಣನ್ನು ಕುಣಿಗೆ ಹಾಕಿದೆ.